ಮ್ಯಾಚ್ ದಿನ ಮುಂಗಲಿ ಕಂಡ್ರ ಆರ್‌ಸಿಬಿ ಗೆಲ್ಲತೈತೇನ್ರಿ?

ಮೊದಲ ಒಪ್ಕೊಂಡ ಬಿಡ್ತೀನ್ರಿ, ನಾನೂ ನಿಮ್ಮಂಥಾವನ. ನೀವು ಕೇಳಿದ್ದು ಇಷ್ಟ: ಮ್ಯಾಚ್ ಇದ್ದ ದಿನ ಮುಂಜಾನೆ ವಾಕಿಂಗ್ ಹೋದಾಗ ಕೆಂಬೂತ ಕಂಡ್ರ ಆರ್‌ಸಿಬಿ ಗೆಲ್ಲತೈತಿ ಅಂತ ನಿಮಗ ಅನಸ್ತೈತಿ, ಮನ್ಯಾಗ ಹೆಂಡ್ತಿ ನಗ್ತಾರ, ಹಿಂಗ ಬ್ಯಾರೆಯವರಿಗೂ ಆಗತೈತೋ ಇಲ್ಲಾ ನಿಮಗಷ್ಟ ತಲಿ ಕೆಟ್ಟೈತೋ ಅಂತ. ತಲಿ ಕೆಟ್ಟೈತ್ರಿ, ಅದರಾಗ ಡೌಟ್ ಬ್ಯಾಡ, ಆದ್ರ ನೀವೊಬ್ರ ಅಲ್ಲ.

ನಂದು ಬಾಗಲಕೋಟಿ ಜಿಲ್ಲಾ, ಮುಧೋಳ ತಾಲೂಕು. ಮುಧೋಳದಾಗ ಗೊಬ್ಬರದ ಅಂಗಡಿ ಐತಿ, ದಿನಾ ಹಳ್ಳಿಯಿಂದ ಬೈಕ್ ಮ್ಯಾಲ ಬರ್ತೀನಿ. ದಾರ್ಯಾಗ ಕಾಲುವಿ ಏರಿ, ಅದರ ಒಂದ ಬಾಜೂ ಕಬ್ಬು, ಇನ್ನೊಂದ ಬಾಜೂ ಜಾಲಿ ಕಂಟಿ. ಆ ಕಂಟ್ಯಾಗ ಒಂದು ಮುಂಗಲಿ ಐತಿ, ನಿಮ್ಮ ಕಡೆ ಮುಂಗುಸಿ ಅಂತೀರಿ. 2024ರ ಐಪಿಎಲ್ ನೆನಪಿರಬೇಕಲ್ಲ, ಮೊದಲ 8 ಮ್ಯಾಚಿನ್ಯಾಗ 7 ಸೋತು ಕುಂತಿದ್ವಿ, ಅಂಗಡಿಗೆ ಯೂರಿಯಾ ಒಯ್ಯಾಕ ಬಂದಾವ್ರು ಸುದ್ದಾ "ಏನ್ ಸಾವ್ಕಾರ್ರ, ನಿಮ್ಮ ಟೀಮಿಗೂ ಒಂದ್ ಚೀಲ ಗೊಬ್ಬರ ಹಾಕ್ರಲ್ಲ" ಅಂತ ಕೆಣಕಿ ಹೋಗಾವ್ರು. ಏಪ್ರಿಲ್ 25ಕ್ಕ ಹೈದರಾಬಾದಿನ್ಯಾಗ ಮ್ಯಾಚ್. ಅವತ್ತ ಮುಂಜಾನೆ ಏಳೂವರಿ ಸುಮಾರಿಗೆ ಈ ಮುಂಗಲಿ ಕಂಟ್ಯಾಗಿಂದ ಹೊರಗ ಬಂತು, ರೋಡಿನ ನಟ್ಟನಡುವ ಹಿಂಗಾಲ ಮ್ಯಾಲ ಎದ್ದ ನಿಂತು ನನ್ನ ಮಾರಿ ನೋಡಿತು, ಆಮ್ಯಾಲ ಬಾಲ ಕೋಲಿನಂಗ ನೆಟ್ಟಗ ಮಾಡ್ಕೊಂಡು ಕೂಳಿ ಕಬ್ಬಿನ್ಯಾಗ, ಅಂದ್ರ ಕಡದ ಬುಡದಿಂದ ಮತ್ತ ಚಿಗತ ಕಬ್ಬಿನ್ಯಾಗ, ಹೊಕ್ಕಿತು. ರಾತ್ರಿ 35 ರನ್ನಿಂದ ಗೆದ್ವಿ. ಅಷ್ಟ ನೋಡ್ರಿ, ಹುಚ್ಚು ಹಿಡೀತು. ಅಲ್ಲಿಂದ ಸಾಲಾಗಿ ಆರು ಮ್ಯಾಚ್ ಗೆದ್ವಿ, ಆರೂ ದಿನ ನಾ ಆ ಕಂಟಿ ಹತ್ರ ಗಾಡಿ ಸ್ಲೋ ಮಾಡ್ದೆ.

ಅದರಾಗ ಮೇ 18ರ ಕಥಿ ಹೇಳಲೇಬೇಕು. ಚೆನ್ನೈ ಜೋಡಿ ಮ್ಯಾಚ್, ಸುಮ್ನ ಗೆದ್ರ ಸಾಲೂದಿಲ್ಲ, ಅವ್ರನ್ನ 201ಕ್ಕ ಮುಟ್ಟಾಕ ಬಿಡಬಾರದು, ಮುಟ್ಟಿದ್ರ ಪ್ಲೇಆಫ್ ಅವ್ರಿಗೆ. ನನಗೊಬ್ಬ ದೋಸ್ತ ಅದಾನ, ಹಾಲಿನ ಧಂದೆ ಮಾಡ್ತಾನ, ಧೋನಿ ಅಂದ್ರ ಊಟ ಬಿಡ್ತಾನ. ಅಂವ ಮುಧೋಳಕ್ಕ ಹಾಲು ಹಾಕಿ ಖಾಲಿ ಕ್ಯಾನ್ ಬಡಕೋತ ಆ ಕಡೆಯಿಂದ ಬರಾಕತ್ತಿದ್ದ, ನಾ ಈ ಕಡೆಯಿಂದ. ಇಬ್ರೂ ಗಾಡಿ ನಿಂದ್ರಿಸಿ ಮಾತಾಡಾಕತ್ತಿದ್ವಿ, ನಡುವ ಒಂದ್ ಇಪ್ಪತ್ತ ಹೆಜ್ಜಿ ಅಂತರ, ಇಬ್ರೂ ಗಾಡಿ ಬಂದ್ ಮಾಡಿಲ್ಲ, ಅದಕ್ಕ ಒದರಿ ಮಾತಾಡೂದು. ಅಷ್ಟೊತ್ತಿಗೆ ಮುಂಗಲಿ ನಮ್ಮಿಬ್ಬರ ನಡುವ ರೋಡ್ ದಾಟಿತು. ನಾ ಚೀರಿದೆ, "ಲೇ, ನನಗ ಎಡದಿಂದ ಬಲಕ್ಕ ಹೋತು, ಗೆದ್ವಿ ಹೋಗ್ಲೇ". ಅಂವ ಅಂದ, "ಹಂಗಾದ್ರ ನನಗ ಬಲದಿಂದ ಎಡಕ್ಕ, ಚೆನ್ನೈದಾಗ ಅದ ಶುಭ". ನಾ ಅಂದೆ ನಿಂದು ಯಾವ ಚೆನ್ನೈಲೇ, ನೀನೂ ಇದ ಊರಾವ, ಇಲ್ಲಿ ಶಾಸ್ತ್ರ ಇಲ್ಲಿ ನಡಿತೈತಿ. ಅದಕ್ಕ ಅಂವ, "ನಡುವ ನಿಂತು ಯಾರ ಮಾರಿ ನೋಡ್ತು? ನಂದು. ನಿನಗ ತೋರಿಸಿದ್ದು ಅಂಡು". ಹತ್ತು ನಿಮಿಷ ಈ ಜಗಳ ನಡೀತ್ರಿ, ಹಿಂದ ಟ್ರ್ಯಾಕ್ಟರ್‌ನಾವ ಹಾರ್ನ್ ಹೊಡದ ಹೊಡದ ಸಾಕಾಗಿ ಇಳದ ಬಂದು ಏನಾಗೈತಿ ಅಂತ ಕೇಳಿದ, ಹೇಳಿದ್ರ ಅಂವಾ ಮುಂಬೈ ಫ್ಯಾನು.

ರಾತ್ರಿ ಏನಾತು ನಿಮಗ ಗೊತ್ತೈತಿ. ಕೊನೀ ಓವರ್ ಯಶ್ ದಯಾಳ್, ಅವ್ರಿಗೆ ಪ್ಲೇಆಫಿಗೆ 17 ಬೇಕು, ಮೊದಲ ಬಾಲಿಗೇ ಧೋನಿ 110 ಮೀಟರ್ ಸಿಕ್ಸ್, ನನ್ನ ಹೊಟ್ಟಿ ತಣ್ಣಗಾತು, ಎರಡನೇ ಬಾಲಿಗೆ ಧೋನಿ ಔಟ್. ಓವರಿಗೆ ಬರೇ 7 ರನ್. 27 ರನ್ನಿಂದ ಗೆದ್ದು ಒಳಗ ಹೋದ್ವಿ. ದೋಸ್ತಂದು ಒಂದ ಮೆಸೇಜ್ ಬಂತು, "ಆ ಮುಂಗಲಿ ನಿಂದ ಇಟ್ಕೋ".

ಇಟ್ಕೊಂಡೆ. ನಾಲ್ಕ ದಿನ ಬಿಟ್ಟು ಮೇ 22ಕ್ಕ ಎಲಿಮಿನೇಟರ್, ಅಹಮದಾಬಾದ್, ರಾಜಸ್ಥಾನದ ಜೋಡಿ. ಮುಂಜಾನೆ ಮುಂಗಲಿ ಬಂತು, ಎಡದಿಂದ ಬಲಕ್ಕ, ಏನೂ ತಕರಾರಿಲ್ದ. ಅವತ್ತ ಹೆರಕಲ್ ಕಡೆ ಇರೂ ಇನ್ನೊಬ್ಬ ದೋಸ್ತ ಸ್ಟೇಟಸ್ ಹಾಕಿದ್ದ, ಆಲಮಟ್ಟಿ ಹಿನ್ನೀರಿಗೆ ಚಳಿಗಾಲದಾಗ ಫ್ಲೆಮಿಂಗೋ ಹಿಂಡು ಬರ್ತಾವಲ್ಲ, ಆಗ ತಗದಿಟ್ಟ ಫೋಟೋ, ಮ್ಯಾಲ "ನಮ್ಮ ಜರ್ಸಿ ಹಾಕ್ಕೊಂಡು ಬಂದಾವ" ಅಂತ. ಹಾಲಿನ ದೋಸ್ತ ಕೆಳಗ ಬರದ, "ಕಣ್ಣ ತೋರಿಸ್ಕೊಳ್ಳೋ, ಅದು ಗುಲಾಬಿ, ರಾಜಸ್ಥಾನದ ಜರ್ಸಿ". ರಾತ್ರಿ ರಾಜಸ್ಥಾನ 4 ವಿಕೆಟ್ಟಿಂದ ಗೆದ್ತು. ಮುಂಗಲಿ ಯಾಕ ಕೈ ಕೊಡ್ತು ಅಂತ ಮರುದಿನ ಚಹಾದ ಅಂಗಡ್ಯಾಗ ದೊಡ್ಡ ಚರ್ಚೆ. ಒಬ್ಬ ಅಂತಾನ, ನೀ ಹೆಲ್ಮೆಟ್ ಗ್ಲಾಸ್ ಇಳಿಸಿದ್ದಿ, ಗ್ಲಾಸಿನ್ಯಾಗ ನೋಡಿದ ಶಕುನ ನಡಿಯಾಂಗಿಲ್ಲ. ನಾ ಖರೇನ ಹೌದಿರಬೇಕು ಅಂದ್ಕೊಂಡೆ, ಮುಂದ ಎಷ್ಟೋ ದಿನ ಆ ಕಂಟಿ ಹತ್ರ ಗ್ಲಾಸ್ ಏರಿಸಿ ಧೂಳು ತಿಂದೀನಿ.

ಇನ್ನ ನಿಮ್ಮ ಪ್ರಶ್ನೆ, ಇದಕ್ಕ ಅರ್ಥ ಐತೇನು ಅಂತ. 2025ಕ್ಕ ನಾ ಲೆಕ್ಕ ಇಡೂದ ಅಂತ ಕುಂತೆ. ಔಷಧ ಕಂಪನಿಯವ್ರು ಹೊಸಾ ವರ್ಷಕ್ಕ ಪುಕ್ಕಟ ಡೈರಿ ಕೊಡ್ತಾರ, ಅದರಾಗ ಗೆರಿ ಹಾಕಿ, ತಾರೀಖು, ಮುಂಗಲಿ ಕಂಡಿತೋ ಇಲ್ಲೋ, ಗೆದ್ವೋ ಸೋತ್ವೋ. ಆ ವರ್ಷ ಮಳಿಗೆ ಹೋದ ಕೊಲ್ಕತ್ತಾ ಮ್ಯಾಚ್ ಬಿಟ್ರ ಫೈನಲ್ ಹಿಡದು 15 ಮ್ಯಾಚಿಗೆ ರಿಸಲ್ಟ್ ಬಂತು, 11 ಗೆಲುವು, 4 ಸೋಲು. ನನ್ನ ಡೈರ್ಯಾಗ ಮುಂಗಲಿ ಕಂಡಿದ್ದು 9 ದಿನ, ಅದರಾಗ 7 ಗೆಲುವು. ನಾ ಕುಣಕೋತ ಮಗಳ ಮುಂದ ಹಿಡದೆ, ಆಕಿ ಪಿಯುಸಿ ಸೈನ್ಸು. ಆಕಿ ಪೆನ್ನು ತಗೊಂಡು ಕುಂತ್ಲು. "ಪಪ್ಪಾ, ಮುಂಗಲಿ ಕಾಣ್ದಿದ್ದ 6 ದಿನದಾಗೂ 4 ಗೆದ್ದೀರಲ್ಲ. ಟೀಮೇ 15ಕ್ಕ 11 ಗೆದ್ದೈತಿ, ಹಂಗಾದ್ರ ಕಣ್ಣು ಮುಚ್ಚಿ ಯಾವ 9 ದಿನ ಆರಿಸಿದ್ರೂ ಆರೂವರಿ, ಏಳು ಗೆಲುವು ಬಂದ ಬರ್ತಾವ. ಮುಂಗಲಿ ಏನ್ ಮಾಡ್ತು?" ನಾ ಸುಮ್ನಾದೆ. ಆಮ್ಯಾಲ ಆಕಿ ಇನ್ನೊಂದ ಕೇಳಿದ್ಲು, "ಮ್ಯಾಚ್ ಇಲ್ಲದ ದಿನ ಬರದೀಯೇನು?"

ಇಲ್ಲಿ ನನಗ ಬುಡಕ್ಕ ಏಟು ಬಿತ್ರಿ. ಮ್ಯಾಚ್ ಇಲ್ಲದ ದಿನ ನಾ ನೋಡೇ ಇರ್ಲಿಲ್ಲ. ಅಂದ್ರ ಕಣ್ಣಿಗೆ ಬಿದ್ದಿರಬೇಕು, ಆದ್ರ ತಲಿಗೆ ಹೋಗಿಲ್ಲ. ನಡುವ ಐಪಿಎಲ್ ಒಂದ್ ವಾರ ನಿಂತಿತ್ತಲ್ಲ, ಮೇ 9ರಿಂದ, ಪಾಕಿಸ್ತಾನದ ಗಡಿಯಾಗ ಗದ್ದಲ ಆದಾಗ, ಆ ವಾರ ದಿನಾ ನೋಡ್ಕೋತ ಹೋದೆ. ಐದ ದಿನದಾಗ ಮೂರ ದಿನ ಬಂತು. ಅದರ ಪಾಡಿಗೆ ಅದು ಇಲಿ ಹಿಡಿಯಾಕ ಹೊಂಟೈತಿ, ಅದಕ್ಕ ಕ್ರಿಕೆಟ್ ನಿಂತಿದ್ದು ಹೆಂಗ ಗೊತ್ತಾಗಬೇಕು. ಮುಂಗಲಿ ಹಗಲು ತಿರಗೂ ಪ್ರಾಣಿ, ಬಿಲ ಇದ್ದಲ್ಲಿ ಅದ ದಾರಿ ಹಿಡದು ದಿನಾ ಓಡಾಡತೈತಿ, ನಾನೂ ದಿನಾ ಅದ ಟೈಮಿಗೆ ಅದ ದಾರ್ಯಾಗ ಬರ್ತೀನಿ. ಇಬ್ಬರು ನೌಕರಿಗೆ ಹೊಂಟಾವ್ರು ಬಸ್ ಸ್ಟಾಪಿನ್ಯಾಗ ಭೆಟ್ಟಿ ಆದಂಗ.

ಇನ್ನೊಂದ ಮಜಾ ವಿಚಾರ, ಇದು ನಾನ ಕಂಡ ಹಿಡದಿದ್ದು, ಮಗಳು ಹೇಳಿದ್ದಲ್ಲ. ನಮ್ಮ ಕಡೆ ಕಬ್ಬಿನ ಹಂಗಾಮು ದೀಪಾವಳಿ ಆಜೂಬಾಜೂ ಸುರು ಆಗಿ ಮಾರ್ಚ್ ಹೊತ್ತಿಗೆ ಮುಗೀತೈತಿ. ಅಂದ್ರ ಐಪಿಎಲ್ ಬರೂದ್ರಾಗ ಹೊಲ ಬೋಳು, ಕೂಳಿ ಮೊಣಕಾಲುದ್ದ ಸುದ್ದಾ ಇರಾಂಗಿಲ್ಲ, ಮುಂಗಲಿ ಅರ್ಧ ಫರ್ಲಾಂಗಿನಿಂದ ಕಾಣತೈತಿ. ಅದ 2023ರ ವರ್ಲ್ಡ್ ಕಪ್ ನೋಡ್ರಿ, ಅಕ್ಟೋಬರ್, ನವೆಂಬರ್, ಎರಡ ಆಳೆತ್ತರ ಕಬ್ಬು ನಿಂತಿತ್ತು, ಒಂದ ದಿನಾನೂ ಮುಂಗಲಿ ಕಾಣ್ಲಿಲ್ಲ, ಆದ್ರೂ ಇಂಡಿಯಾ ಸಾಲಾಗಿ 10 ಮ್ಯಾಚ್ ಗೆದ್ತು. ನವೆಂಬರ್ 19ಕ್ಕ ಫೈನಲ್ ಸೋತಾಗ ಅದಕ್ಕೂ ಮುಂಗಲಿ ಕಾಣಲಿಲ್ಲ ಅಂತ ಹೇಳಬಹುದು, ಟ್ರಾವಿಸ್ ಹೆಡ್ 137 ಹೊಡದ ಅಂತಾನೂ ಹೇಳಬಹುದು. ಅಂದ್ರ ನನ್ನ ಶಕುನ ನಿಂತಿದ್ದು ಕಟಾವಿನ ಗ್ಯಾಂಗಿನ ಮ್ಯಾಲ. ಫ್ಯಾಕ್ಟರಿ ಲೇಟಾಗಿ ಸುರು ಆದ್ರ ಆರ್‌ಸಿಬಿ ಸೋಲಬೇಕಾಗಿತ್ತು!

ಇದು ಬರೇ ನಮ್ಮ ಮಂದಿ ಹುಚ್ಚು ಅಂತ ತಿಳಕೋಬ್ಯಾಡ್ರಿ. ಅಮೆರಿಕಾದ ಬೇಸ್‌ಬಾಲ್‌ನ್ಯಾಗ 1969ರ ಸೆಪ್ಟೆಂಬರ್ 9ಕ್ಕ ನ್ಯೂಯಾರ್ಕ್ ಮೈದಾನದಾಗ ಒಂದು ಕರೀ ಬೆಕ್ಕು ಶಿಕಾಗೋ ಕಬ್ಸ್ ಆಟಗಾರರ ಮುಂದ ಓಡ್ಯಾಡಿತು, ಅವ್ರು ಆ ಸೀಸನ್ ಕೈ ಬಿಟ್ರು, ಇವತ್ತಿಗೂ ಬೆಕ್ಕಿನ ಮ್ಯಾಲ ಅಪವಾದ. ಆದ್ರ ಬೆಕ್ಕು ಬರೂ ಮೊದಲ ಅವ್ರು ಸಾಲಾಗಿ ಸೋಲಾಕತ್ತಿದ್ರು, ಅದನ್ನ ಯಾರೂ ಹೇಳಾಂಗಿಲ್ಲ. 2011ರಾಗ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಮ್ಯಾಚ್ ನಡುವ ಒಂದು ಅಳಿಲು ಬ್ಯಾಟ್ಸ್‌ಮನ್ ಕಾಲ ಮುಂದ ಓಡಿ ಹೋತು, ಅವ್ರು ಆ ವರ್ಷ ಚಾಂಪಿಯನ್ ಆದ್ರು, ಗೆದ್ದ ಉಂಗರದ ಮ್ಯಾಲ ಆ ಅಳಿಲಿನ ಚಿತ್ರಾನೂ ಕೆತ್ತಿಸಿದ್ರು. ನಮ್ಮಲ್ಲಿ 2022ರ ಅಕ್ಟೋಬರ್ 2ಕ್ಕ ಗುವಾಹಟಿ ಟಿ20ದಾಗ ಮೈದಾನಕ್ಕ ಹಾವು ಬಂದಿತ್ತಲ್ಲ, ಇಂಡಿಯಾ 237 ಹೊಡದು 16 ರನ್ನಿಂದ ಗೆದ್ತು, ಚಹಾದ ಅಂಗಡ್ಯಾಗ ಎಲ್ಲಾರೂ "ನಾಗಪ್ಪ ಆಶೀರ್ವಾದ ಮಾಡಾಕ ಬಂದಿದ್ದ" ಅಂದ್ರು. ಹಾವು ದಕ್ಷಿಣ ಆಫ್ರಿಕಾದವ್ರ ಮುಂದೂ ಹರದೈತಿ, ಆ ಕಡೆ ಮಿಲ್ಲರ್ ಸೆಂಚುರಿ ಹೊಡದ, ಅದು ಯಾರ ಆಶೀರ್ವಾದ ಅಂತ ಕೇಳಿದ್ರ ಚಹಾ ಆರತೈತಿ ಕುಡಿ ಅಂತಾರ. ಮತ್ತ 2010ರ ಫುಟ್‌ಬಾಲ್ ವರ್ಲ್ಡ್ ಕಪ್ಪಿನ್ಯಾಗ ಜರ್ಮನಿದು ಪಾಲ್ ಅನ್ನೂ ಆಕ್ಟೋಪಸ್ 8ಕ್ಕ 8 ಸರಿ ಹೇಳಿತು, ಅದನ್ನ ಎಲ್ಲಾರೂ ಬಲ್ರು. ಅದ ಫೈನಲ್ಲಿಗೆ ಸಿಂಗಾಪುರದಾಗ ಒಬ್ಬ ಗಿಳಿಶಾಸ್ತ್ರದವ್ನ ಗಿಳಿ ನೆದರ್ಲೆಂಡ್ ಚೀಟಿ ಎತ್ತಿತ್ತು, ಸ್ಪೇನ್ ಗೆದ್ತು. ಆ ಗಿಳಿ ಹೆಸರು ನೆನಪೈತೇನು ನಿಮಗ? ಮಣಿ ಅಂತ. ನೆನಪಿರಾಂಗಿಲ್ಲ, ಸೋತ ಗಿಳಿ ಯಾರಿಗೆ ಬೇಕು.

ನಮ್ಮ ಆಯಿ ಶಕುನ ನೋಡಾಕಿ, ಆದ್ರ ಆಕಿ ರೀತಿ ಬ್ಯಾರೆ ಇತ್ತು. ಬಿತ್ತಾಕ ಹೊಂಟಾಗ ಬೆಕ್ಕು ಅಡ್ಡ ಬಂತು ಅಂದ್ರ ಒಂದ ಗಳಿಗಿ ಒಳಗ ಬಂದು ಕುಂತು, ನೀರ ಕುಡದು, ಮತ್ತ ಹೋಗೂದು. ಮುಗೀತು. ಕೂರಿಗಿ ಹಗ್ಗ ಬಿಚ್ಚೈತೋ, ಬೀಜದ ಚೀಲ ಮರತ ಬಂದೀವೋ, ಆ ಗಳಿಗ್ಯಾಗ ನೆನಪಾಗೂದೂ ಇತ್ತು. ಶಕುನ ಹೋಗಾವ್ರಿಗೆ ಹೇಳೂ ಮಾತು, ಹೋಗಾವ ಹಿಂದ ತಿರಗಬಹುದು. ನಾ ಎಲ್ಲಿಗೆ ಹಿಂದ ತಿರಗಲ್ರಿ? ಬೆಕ್ಕು ಅಡ್ಡ ಬಂದಿದ್ದು ಮುಧೋಳದಾಗ, ಬ್ಯಾಟಿಂಗಿಗೆ ಹೊಂಟಾವ ಕೊಹ್ಲಿ. ನಾ ಗಾಡಿ ನಿಂದ್ರಿಸಿ ನೀರ ಕುಡದ್ರ ಅಂವಗೇನಾಗಬೇಕು? ಆದ್ರೂ ಕುಡದೀನಿ ನಾ, ಸುಳ್ಳ್ಯಾಕ ಹೇಳ್ಲಿ. ಬೇಕಾದ್ರ ಬುಡಬುಡಕ್ಯಾವ್ರನ್ನ ನೋಡ್ರಿ, ನಸುಕಿನ್ಯಾಗ ಬಂದು ಹಾಲಕ್ಕಿ ನುಡದೈತಿ ಅಂತಾರ, ಕೇಡು ಐತಿ ಅಂದ್ರೂ ಅದಕ್ಕ ಪರಿಹಾರ ಅವ್ರ ಜೋಳಗ್ಯಾಗ ಇರತೈತಿ. ನಮ್ಮ ಫ್ಯಾನುಗಳದ್ದು ಪರಿಹಾರಾನೂ ಇಲ್ಲದ ಶಾಸ್ತ್ರ.

ಪ್ರಾಣಿ ಜೋಡಿ ಖರೇ ಬಾಳ್ವೆ ಮಾಡಾವ್ರು ಹಿಂಗ ಮಾತಾಡಾಂಗಿಲ್ಲ ಅನ್ನೂದೂ ನನಗ ಆಮ್ಯಾಲ ತಿಳೀತು. ನಮ್ಮ ಕಡೆ ಯಡಹಳ್ಳಿ ಚಿಂಕಾರ ಕಾಡು ಐತಿ, ಬೀಳಗಿ, ಮುಧೋಳ ನಡುವ, ಅಲ್ಲಿ ತೋಳ ಅದಾವ. ಅಂಗಡಿಗೆ ಬರೂ ಕುರಿಗಾರ ಅಜ್ಜಗ ಒಮ್ಮೆ ಕೇಳಿದೆ, ತೋಳ ಕಂಡ್ರ ಶುಭಾನೋ ಅಶುಭಾನೋ. ಅಂವ ನನ್ನ ಮಾರಿ ನೋಡಿ ಅಂದ, "ತೋಳ ಕಂಡ್ರ ಒಂದ್ ಕುರಿ ಕಡಿಮಿ, ತಮ್ಮಾ". ಬೆಳಗಾವ್ಯಾಗ 2022ರ ಆಗಸ್ಟಿನ್ಯಾಗ ಗಾಲ್ಫ್ ಮೈದಾನದಾಗ ಚಿರತಿ ಸೇರ್ಕೊಂಡಿತ್ತಲ್ಲ, ಸುತ್ತಲಿನ ಶಾಲಿ ಎಲ್ಲಾ ಬಂದ್, ಸಕ್ರೆಬೈಲಿನಿಂದ ಆನಿ ತರಿಸಿದ್ರೂ ಕೈಗೆ ಸಿಗ್ಲಿಲ್ಲ, ಆಗ ನಮ್ಮ ಚಹಾದ ಅಂಗಡಿ ಮಂದಿ ಏಷ್ಯಾ ಕಪ್ಪಿಗೆ ಅದನ್ನ ಶುಭ ಅಂತ ಮಾಡಿದ್ರು. ಆಗಸ್ಟ್ 28ಕ್ಕ ಪಾಕಿಸ್ತಾನದ ಮ್ಯಾಲ ಗೆದ್ದಾಗ ಚಿರತಿಗೆ ಜೈಕಾರ. ಮುಂದ ಸೆಪ್ಟೆಂಬರ್ 4ಕ್ಕ ಅದ ಪಾಕಿಸ್ತಾನಕ್ಕ ಸೋತು, 6ಕ್ಕ ಶ್ರೀಲಂಕಾಕ್ಕ ಸೋತಾಗ ಚಿರತಿ ಸುದ್ದಿ ಯಾರೂ ಎತ್ತಲಿಲ್ಲ. ಬೆಳಗಾವ್ಯಾಗಿರೂ ನನ್ನ ಅಕ್ಕ ಮಾತ್ರ ಫೋನಿನ್ಯಾಗ ಬೈದ್ಲು, "ಹುಡುಗ್ರನ್ನ ಅಂಗಳಕ್ಕ ಬಿಡಾಕ ಆಗವಲ್ದು, ನಿಮಗ ಮ್ಯಾಚಿನ ಚಿಂತಿ".

ಒಂದ ಮಾತು ಮಾತ್ರ ಸೀರಿಯಸ್ ಆಗಿ ಹೇಳ್ತೀನಿ. ಕಂಡ್ರ ನೋಡ್ರಿ, ಖುಷಿ ಪಡ್ರಿ, ಹಿಡಿಯಾಕ ಹೋಗಬ್ಯಾಡ್ರಿ. ಶುಭ ಅಂತ ಹೇಳಿ ಎರಡ ತಲಿ ಹಾವು ಹಿಡದು ಮಾರಾವ್ರು ಅದಾರ, ದೀಪಾವಳಿಗೆ ಗೂಬಿ ಕೊಲ್ಲಾವ್ರು ಅದಾರ, ಮುಂಗಲಿ ಕೂದಲದಿಂದ ಪೇಂಟಿಂಗ್ ಬ್ರಷ್ ಮಾಡ್ತಾರಂತ ಅದನ್ನೂ ಹೊಡೀತಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗ ಇದೆಲ್ಲಾ ಅಪರಾಧ, ಜೇಲು ಆಗತೈತಿ. ನಮ್ಮ ಗುಂಪಿನ್ಯಾಗೂ ಒಬ್ಬ ಫೈನಲ್ ಮುಂದ "ಬೋನು ಇಟ್ಟು ಹಿಡಿಯೂಣು, ಮ್ಯಾಚ್ ಮುಗದ ಮ್ಯಾಲ ಬಿಡೂಣು" ಅಂದಿದ್ದ, ಹಾಲಿನ ದೋಸ್ತನ ಅಂವನ್ನ ಬೈದು ಕುಂದ್ರಿಸಿದ. ಚೆನ್ನೈದಾವ ಅಂದ್ರೂ ಒಳ್ಳೇವ.

ಆ ಫೈನಲ್ಲು, 2025ರ ಜೂನ್ 3, ಅಹಮದಾಬಾದಿನ್ಯಾಗ, ಪಂಜಾಬ್ ಜೋಡಿ. ಮಗಳ ಲೆಕ್ಕ ಎಲ್ಲಾ ಗೊತ್ತಿದ್ದೂ ನಾ ಮುಂಜಾನೆ ಏಳಕ್ಕ ಕಂಟಿ ಮುಂದ ನಿಂತೆ. ಬರ್ಲಿಲ್ಲ. ಅಂಗಡಿ ತಗದು, ಹುಡುಗನ್ನ ಕುಂದ್ರಿಸಿ ಹತ್ತಕ್ಕ ಮತ್ತ ಹೋದೆ. ಬರ್ಲಿಲ್ಲ. ಮಧ್ಯಾಹ್ನ ಊಟಕ್ಕ ಅಂತ ಹೇಳಿ ಮತ್ತೊಮ್ಮೆ. ಕಂಟ್ಯಾಗ ಗೌಜಲಕ್ಕಿ ಒದರಾಕತ್ತಿದ್ವು ಅಷ್ಟ. 2009, 2011, 2016, ಮೂರ ಫೈನಲ್ ಸೋತಾವ್ರು ನಾವು, ಹೊಟ್ಟ್ಯಾಗ ಹೆಂಗಾಗಿರಬೇಕು ನೀವ ಹೇಳ್ರಿ. ರಾತ್ರಿ ಕೃಣಾಲ್ ಪಾಂಡ್ಯ 17 ರನ್ ಕೊಟ್ಟು 2 ವಿಕೆಟ್ ತಗೊಂಡ, ಕೊನೀ ಓವರಿನ್ಯಾಗ ಶಶಾಂಕ್ ಸಿಂಗ್ ಹೇಜಲ್‌ವುಡ್‌ಗ ಬಾರಿಸೂ ಹೊತ್ತಿಗೆ ನಾ ಎದ್ದು ಅಡಿಗಿ ಮನ್ಯಾಗ ಹೋಗಿ ನಿಂತಿದ್ದೆ, 6 ರನ್ನಿಂದ ಗೆದ್ವಿ ಅನ್ನೂದು ಹೊರಗಿನ ಪಟಾಕಿ ಸಪ್ಪಳದ ಮ್ಯಾಲ ತಿಳೀತು. 18 ವರ್ಷ. ನನ್ನ ಹೆಂಡ್ತಿ ಸುದ್ದಾ ಕಣ್ಣಾಗ ನೀರ ತಗದ್ಲು, ಆಕಿಗೆ ಎಲ್‌ಬಿಡಬ್ಲ್ಯೂ ಅಂದ್ರ ಏನಂತ ಗೊತ್ತಿಲ್ಲ. ನಡುರಾತ್ರಿ ಗ್ರೂಪಿನ್ಯಾಗ ನಾ ಬರದೆ, ಮುಂಗಲಿ ಇವತ್ತ ಬರಲೇ ಇಲ್ಲ, ಆದ್ರೂ ಗೆದ್ವಿ ಅಂತ. ಹಾಲಿನ ದೋಸ್ತ ತಕ್ಷಣ ಉತ್ತರ ಹಾಕಿದ, "ಮುಧೋಳದಾಗ ಹೆಂಗ ಕಾಣತೈತಿ, ಅದು ಅಹಮದಾಬಾದಿಗೆ ಹೋಗಿತ್ತಲ್ಲ".

ಮರುದಿನ ಮುಂಜಾನೆ ಬಂತು. ಏಳೂವರಿಗೆ, ಎಡದಿಂದ ಬಲಕ್ಕ, ನಡುವ ಎದ್ದ ನಿಂತು ಮಾರಿ ನೋಡಿ ಹೋತು, ಇಷ್ಟ ಛಂದ ಎಂದೂ ಬಂದಿರ್ಲಿಲ್ಲ. ನಾ ನಕ್ಕೋತ, ಅದಕ್ಕ ಸಲಾಮ್ ಹೊಡದು ಅಂಗಡಿಗೆ ಹೋಗಿ ಗಿರಾಕಿಗೆಲ್ಲಾ ಪೇಢೆ ಕೊಟ್ಟೆ. ಸಂಜಿಕೆ ಟಿವಿಯಾಗ ಚಿನ್ನಸ್ವಾಮಿ ಮುಂದಿನ ಸುದ್ದಿ, ನೂಕುನುಗ್ಗಲಿನ್ಯಾಗ 11 ಮಂದಿ ಹೋಗಿಬಿಟ್ಟಿದ್ರು, ಕಪ್ ನೋಡಾಕ ಹೋದ ಹುಡುಗ್ರು.

ಡೈರ್ಯಾಗ ಜೂನ್ 4ರ ಸಾಲಿನ್ಯಾಗ "ಕಂಡಿತು" ಅಂತ ಮುಂಜಾನೆನ ಬರದಿಟ್ಟಿದ್ದೆ. ಅದರ ಮುಂದಿನ ಮನಿ ಹಂಗ ಖಾಲಿ ಐತಿ.